ಮಂಗೋಲಿಯಾ: ಕೆಂಪು ಕಾಲದ ಹಬ್ಬಗಳಲ್ಲಿ ಉಳಿದದ್ದು ಯಾವುದು, ಹೋದದ್ದು ಯಾವುದು?

ಗೋಬಿ ಪಯಣಿಗ ಬರೆದದ್ದು:

ಮೂರು ವರ್ಷಗಳಿಂದ ಮಂಗೋಲಿಯಾದ ದೋರ್ನೊಗೊವಿ ಪ್ರಾಂತದ ಸೈನ್‌ಶಾಂಡ್ ಊರಿನಲ್ಲಿದ್ದೇನೆ. ಭಾರತದ ಸಾಲದ ನೆರವಿನಿಂದ ಈ ಭಾಗದಲ್ಲಿ ತೈಲ ಶುದ್ಧೀಕರಣ ಘಟಕವೊಂದು ಮೇಲೇಳುತ್ತಿದೆ. ಆ ಕೆಲಸವೇ ನನ್ನನ್ನು ಇಲ್ಲಿಗೆ ಕರೆತಂದಿತು. ಅಡುಗೆಮನೆಯ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ತೂಗುತ್ತಿವೆ. ಒಂದು ಹುಬ್ಬಳ್ಳಿಯಿಂದ ತಂದದ್ದು, ತಿಥಿ ನಕ್ಷತ್ರ ಇರುವಂಥದ್ದು. ಇನ್ನೊಂದು ಇಲ್ಲಿಯದು. ಬೆಳಗ್ಗೆ ಚಹಾ ಕಾಯುವಷ್ಟು ಹೊತ್ತು ಇವೆರಡನ್ನೂ ನೋಡುತ್ತಾ ನಿಲ್ಲುವುದು ಅಭ್ಯಾಸವಾಗಿದೆ. ಈ ಚರ್ಚೆ ಹುಟ್ಟಿದ್ದೂ ಅಲ್ಲಿಯೇ.

ಇಲ್ಲಿಯ ಸರಕಾರಿ ರಜೆಗಳು ಹೆಚ್ಚೇನಿಲ್ಲ. ಜನವರಿ 1. ಚಾಂದ್ರಮಾನ ಹೊಸ ವರ್ಷವಾದ ತ್ಸಗಾನ್ ಸಾರ್‌ಗೆ ಮೂರು ದಿನ. ಮಾರ್ಚ್ 8, ಮಹಿಳಾ ದಿನ. ಜೂನ್ 1, ತಾಯಿ ಮತ್ತು ಮಕ್ಕಳ ದಿನ. ಇತ್ತೀಚೆಗೆ ಸೇರಿದ ಬುದ್ಧ ಪೂರ್ಣಿಮೆ. ಜುಲೈ 11ರಿಂದ ನಾದಮ್ ಎಂಬ ಆಟಗಳ ಹಬ್ಬ. ಚಳಿಗಾಲದ ಮೊದಲ ತಿಂಗಳ ಪಾಡ್ಯದಂದು ಚಿಂಗಿಸ್ ಖಾನನ ಜಯಂತಿ. ಡಿಸೆಂಬರ್ 29, ಸ್ವಾತಂತ್ರ್ಯ ಮರಳಿ ಪಡೆದ ದಿನ.

1924ರಿಂದ 1990ರವರೆಗೆ ಇಲ್ಲಿ ಒಂದೇ ಪಕ್ಷದ, ಅಂದರೆ ಕಮ್ಯುನಿಸ್ಟರ, ಆಳ್ವಿಕೆಯಿತ್ತು. ಆ ಕಾಲದ ಮೆರವಣಿಗೆಯ ದಿನಗಳೆಂದರೆ ಕಾರ್ಮಿಕರ ಮೇ 1 ಮತ್ತು ರಷ್ಯಾದ ಕ್ರಾಂತಿಯ ನೆನಪಿನ ನವೆಂಬರ್ 7. ಎರಡೂ ಇಂದಿನ ಪಟ್ಟಿಯಲ್ಲಿಲ್ಲ. ಆದರೆ ಅದೇ ಸೋವಿಯತ್ ದಾರಿಯಲ್ಲಿ ಬಂದ ಮಾರ್ಚ್ 8, ಜೂನ್ 1, ಮರ ಸಿಂಗರಿಸುವ ಜನವರಿ 1 ಮೂರೂ ಗಟ್ಟಿಯಾಗಿ ನಿಂತಿವೆ. ಇತ್ತ, ಅಳಿಸಲು ಹೊರಟಿದ್ದ ತ್ಸಗಾನ್ ಸಾರ್ ಇಂದು ವರ್ಷದ ಅತಿ ದೊಡ್ಡ ಮನೆಹಬ್ಬ. ಇದು ಹೇಗೆ?

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಎಪ್ಪತ್ತೈದು ದಾಟಿದ ಹೆಂಗಸೊಬ್ಬರಿದ್ದಾರೆ. ನಾನು ಅವರನ್ನು ಎಮೇ ಎನ್ನುತ್ತೇನೆ, ಅಜ್ಜಿ ಎಂದರ್ಥ. ಅವರು ಹುಡುಗಿಯಾಗಿದ್ದಾಗ ಮನೆಯವರು ನೆಗ್ದೆಲ್‌ಗೆ ಸೇರಿದ್ದರು. ನೆಗ್ದೆಲ್ ಎಂದರೆ ಪಶುಪಾಲಕರ ಸಾಮೂಹಿಕ ಸಂಘ. 1950ರ ದಶಕ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕುರಿಗಾಹಿಗಳನ್ನೂ ಅದರೊಳಗೆ ತಂದಾಗಿತ್ತು. ತ್ಸಗಾನ್ ಸಾರ್ ಧರ್ಮದ ನಂಟಿರುವ ಹಬ್ಬವೆಂದು ಅದರ ಜಾಗದಲ್ಲಿ ‘ಸಾಮೂಹಿಕ ಪಶುಪಾಲಕರ ದಿನ’ ತಂದರು. ಅಂದು ಸಭೆ, ಭಾಷಣ, ಹೆಚ್ಚು ಮರಿಗಳನ್ನು ಉಳಿಸಿದವರಿಗೆ ಬಹುಮಾನ. ಅಜ್ಜಿಯ ತಂದೆ ತಪ್ಪದೆ ಸಭೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರಂತೆ. ಡೇರೆಯೊಳಗೆ ತಾಯಿ ಹಿಂದಿನ ರಾತ್ರಿಯೇ ಎಲ್ಲವನ್ನೂ ಸಿದ್ಧ ಮಾಡಿಟ್ಟಿರುತ್ತಿದ್ದರು.

ಆ ಹಿಂದಿನ ರಾತ್ರಿಗೆ ಬಿತೂನ್ ಎಂದು ಹೆಸರು, ನಮ್ಮ ಅಮಾವಾಸ್ಯೆ. ಅಂದು ಹೊಟ್ಟೆ ತುಂಬ ಉಣ್ಣಬೇಕು, ಸಾಲ ತೀರಿಸಬೇಕು, ಮನೆ ಗುಡಿಸಿ ಒರೆಸಬೇಕು. ಬಾಗಿಲ ಬಳಿ ಮೂರು ಮಂಜುಗಡ್ಡೆಯ ತುಂಡು ಇಡಬೇಕು. ಬಾಲ್ದನ್‌ಲ್ಹಾಮ್ ಎಂಬ ದೇವತೆ ಆ ರಾತ್ರಿ ಹೇಸರಗತ್ತೆಯೇರಿ ಲೋಕ ಸುತ್ತುತ್ತಾಳೆ, ಅವಳ ವಾಹನಕ್ಕೆ ಬಾಯಾರಬಾರದು ಎಂಬ ನಂಬಿಕೆ. ದೇವರ ಪಟವನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದ ವರ್ಷಗಳಲ್ಲೂ ಅಜ್ಜಿಯ ತಾಯಿ ಆ ಮೂರು ತುಂಡು ಇಡುವುದನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಕುಡಿಯುವ ನೀರಿಗೆಂದು ಎಲ್ಲರ ಡೇರೆಯ ಮುಂದೆಯೂ ಮಂಜುಗಡ್ಡೆ ರಾಶಿ ಬಿದ್ದಿರುತ್ತದೆ. ಅದರಲ್ಲಿ ಮೂರನ್ನು ಯಾರು ಗುರುತಿಸುತ್ತಾರೆ? ಈ ಮಾತು ಹೇಳುವಾಗ ಅಜ್ಜಿ ಮೂರು ಬೆರಳು ಎತ್ತಿ ತೋರಿಸಿದರು.

ನನಗೆ ತೋಚಿದ್ದು ಇಷ್ಟು. ಚೌಕದಲ್ಲಿ ನಿಂತಿದ್ದ ಹಬ್ಬ ಆಳ್ವಿಕೆಯೊಂದಿಗೆ ಹೋಯಿತು. ಒಲೆಯವರೆಗೆ ನಡೆದುಬಂದ ಹಬ್ಬ, ಅದನ್ನು ತಂದವರು ಯಾರೇ ಆಗಿರಲಿ, ಉಳಿದುಕೊಂಡಿತು. ಇದನ್ನು ಒಪ್ಪುವಿರಾ? ಈ ದೇಶವನ್ನು ಬಲ್ಲವರು, ಇಲ್ಲಿಯವರ ಜೊತೆ ಬಾಳಿದವರು ಬರೆಯಿರಿ.


ಮುಂಡಗೋಡದ ಟೀಚರ್ ಬರೆದದ್ದು:

ಪಯಣಿಗರೇ, ನಿಮ್ಮ ಬರಹ ಓದಿ ನನ್ನ ಊರೇ ನೆನಪಾಯಿತು. ಆಶ್ಚರ್ಯಪಡಬೇಡಿ. ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. ಅಲ್ಲಿನ ದ್ರೆಪುಂಗ್ ಮಠದ ಗೊಮಾಂಗ್ ವಿಭಾಗಕ್ಕೂ ಮಂಗೋಲರಿಗೂ ನಂಟು ಬಹಳ ಹಳೆಯದು. ಮಠ ಲ್ಹಾಸಾದಲ್ಲಿದ್ದ ಕಾಲದಿಂದಲೂ ಮಂಗೋಲಿಯಾ, ರಷ್ಯಾದ ಬುರಿಯಾತಿಯಾ, ಕಲ್ಮಿಕಿಯಾಗಳಿಂದ ಓದಲು ಬರುವವರು ಗೊಮಾಂಗ್‌ಗೇ ಸೇರುತ್ತಿದ್ದರು. 1990ರ ನಂತರ ಆ ಕಡೆಯ ಹುಡುಗರು ಮತ್ತೆ ಬರತೊಡಗಿದರು, ಈ ಬಾರಿ ಲ್ಹಾಸಾಕ್ಕಲ್ಲ, ನಮ್ಮ ತಾಲ್ಲೂಕಿಗೆ. ಯಲ್ಲಾಪುರ ರಸ್ತೆಯ ಬಸ್ಸಿನಲ್ಲಿ ಎಷ್ಟೋ ಸಲ ಅವರ ಪಕ್ಕದಲ್ಲೇ ಕುಳಿತಿದ್ದೇನೆ. ಅವರಲ್ಲಿ ಕೆಲವರು ಕನ್ನಡದಲ್ಲಿಯೇ ತರಕಾರಿ ಚೌಕಾಸಿ ಮಾಡುತ್ತಾರೆ.

ನೀವು ಹೇಳಿದ ಬಾಲ್ದನ್‌ಲ್ಹಾಮ್ ಟಿಬೆಟನ್ನರ ಪಲ್ದೆನ್ ಲ್ಹಾಮೊ. ಸಂಸ್ಕೃತದಲ್ಲಿ ಅವಳು ಶ್ರೀದೇವಿ. ಇಷ್ಟು ದೂರದ ಮರುಭೂಮಿಯಲ್ಲಿ ನಮ್ಮ ಹೆಸರಿನ ದೇವಿಗಾಗಿ ಒಬ್ಬ ತಾಯಿ ಕದ್ದು ಮಂಜುಗಡ್ಡೆ ಇಡುತ್ತಿದ್ದರು ಎಂದು ಓದಿದಾಗ ಗಂಟಲು ಕಟ್ಟಿತು.

ಹಬ್ಬದ ದಿನದ ಬಗ್ಗೆ ಒಂದು ಮಾತು. ಮಂಗೋಲರ ತ್ಸಗಾನ್ ಸಾರ್ ಮತ್ತು ಟಿಬೆಟನ್ನರ ಹೊಸ ವರ್ಷವಾದ ಲೋಸರ್ ಹಲವು ವರ್ಷ ಒಂದೇ ದಿನ ಬರುತ್ತವೆ, ಕೆಲವು ವರ್ಷ ಬೇರೆಯಾಗುತ್ತವೆ. 2025ರಲ್ಲಿ ಲೋಸರ್ ಫೆಬ್ರವರಿ 28ಕ್ಕೆ ಬಂದರೆ ತ್ಸಗಾನ್ ಸಾರ್ ಮಾರ್ಚ್ 1ಕ್ಕೆ ಬಂತು. ಮಂಗೋಲರು ಹದಿನೆಂಟನೆಯ ಶತಮಾನದ ಪಂಡಿತ ಸುಂಪ ಖೆನ್ಪೊ ರೂಪಿಸಿದ ಲೆಕ್ಕವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಒಂಟಿಕೊಪ್ಪಲ್ ಪಂಚಾಂಗ ಒಂದು ದಿನ ಹೇಳಿ ಉತ್ತರಾದಿ ಮಠದ ಪಂಚಾಂಗ ಇನ್ನೊಂದು ಹೇಳಿದಾಗ ನಮ್ಮ ಮನೆಗಳಲ್ಲಿ ಏಕಾದಶಿಯ ಚರ್ಚೆ ನಡೆಯುತ್ತದಲ್ಲ, ಅದೇ ಚರ್ಚೆಯನ್ನು ಇಲ್ಲಿಯ ಮಠದ ಅಂಗಳದಲ್ಲಿಯೂ ಕೇಳಿದ್ದೇನೆ.

ಒಂದು ಪ್ರಶ್ನೆ. ‘ಸಾರ್’ ಎಂದರೆ ಏನು?


ಗೋಬಿ ಪಯಣಿಗ ಬರೆದದ್ದು:

ಟೀಚರ್, ಒಳ್ಳೆಯ ಪ್ರಶ್ನೆ. ತ್ಸಗಾನ್ ಎಂದರೆ ಬಿಳಿ. ಸಾರ್ ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಕನ್ನಡದ ‘ತಿಂಗಳು’ ಎಂಬ ಪದ ಎರಡನ್ನೂ ಹೇಗೆ ಹೊತ್ತಿದೆಯೋ ಹಾಗೆಯೇ. ಹೀಗಾಗಿ ‘ಬಿಳಿ ತಿಂಗಳು’ ಎಂದು ನಾವು ಒಂದಕ್ಷರ ಕಳೆದುಕೊಳ್ಳದೆ ಹೇಳಬಹುದು.


ಇತಿಹಾಸದ ವಿದ್ಯಾರ್ಥಿ ಬರೆದದ್ದು:

ಒಲೆ ಮತ್ತು ಚೌಕ ಎಂಬ ಹೋಲಿಕೆ ಚೆನ್ನಾಗಿದೆ. ಆದರೆ ನಾದಮ್ ಅದಕ್ಕೆ ಒಗ್ಗುವುದಿಲ್ಲ. ಅದು ಹುಟ್ಟಾ ಬಯಲಿನ ಹಬ್ಬ. ಕುಸ್ತಿ, ಕುದುರೆ ಓಟ, ಬಿಲ್ಲುವಿದ್ಯೆ ಮೂರೂ ಸಾವಿರಾರು ಜನರ ಮುಂದೆ ನಡೆಯುವಂಥವು. ಅದು ಹೋಗಲಿಲ್ಲ, ಏಕೆ?

ನಾದಮ್ ಪದಕ್ಕೆ ಆಟ ಎಂದೇ ಅರ್ಥ. ಹಿಂದೆ ಅದು ಬೊಗ್ದ್ ಎಂದು ಕರೆಯಲಾಗುತ್ತಿದ್ದ ಪರಮ ಲಾಮಾನ ಗೌರವಕ್ಕಾಗಿ, ಪ್ರಾರ್ಥನೆಯೊಂದಿಗೆ ನಡೆಯುತ್ತಿತ್ತು. 1921ರ ಜುಲೈ 11ರಂದು ಕ್ರಾಂತಿಕಾರಿಗಳ ಸರಕಾರ ಬಂತು. ಮರುವರ್ಷದಿಂದ ಅದೇ ಆಟಗಳು ಕ್ರಾಂತಿಯ ವಾರ್ಷಿಕೋತ್ಸವವಾದವು. ಇಂದು ಅಧಿಕೃತ ಹೆಸರಿನಲ್ಲಿ ಪ್ರಾಚೀನ ಹುನ್ನು ಸಾಮ್ರಾಜ್ಯ, ಚಿಂಗಿಸ್ ಕಟ್ಟಿದ 1206ರ ಮಹಾ ಮಂಗೋಲ್ ರಾಜ್ಯ, 1921ರ ಕ್ರಾಂತಿ ಮೂರೂ ಸೇರಿವೆ. ಕುಸ್ತಿಪಟುವಿಗಾಗಲಿ ಕುದುರೆಗಾಗಲಿ ಇದರಿಂದ ಏನೂ ಬದಲಾಗಿಲ್ಲ. ಸರಕಾರಗಳು ಬದಲಾದಂತೆ ಮೇಲಿನ ಬರಹ ಬದಲಾಯಿತು, ಕೆಳಗಿನ ಮಣ್ಣು ಅದೇ.

ಕುಸ್ತಿಯ ಬಿರುದುಗಳನ್ನು ಕೇಳಿ. ರಾಜ್ಯ ನಾದಮ್‌ನಲ್ಲಿ ಐದು ಸುತ್ತು ಗೆದ್ದವನು ನಾಚಿನ್, ಅಂದರೆ ಚಾಣ. ಏಳು ಗೆದ್ದವನು ಜಾನ್, ಆನೆ. ಎಂಟು ಗೆದ್ದವನು ಗರಿದ್. ಗರಿದ್ ಎಂದರೆ ನಮ್ಮ ಗರುಡನೇ! ಇಡೀ ಸ್ಪರ್ಧೆ ಗೆದ್ದವನು ಅರ್ಸ್ಲಾನ್, ಸಿಂಹ. ಗೆದ್ದ ಜಟ್ಟಿ ಎರಡೂ ತೋಳು ಚಾಚಿ ಹಕ್ಕಿಯ ಹಾಗೆ ಸುತ್ತು ಹಾಕುತ್ತಾನೆ. ಬೌದ್ಧ ಧರ್ಮ ಹೊತ್ತುತಂದ ಪದವೊಂದು, ಧರ್ಮವನ್ನೇ ಹತ್ತಿಕ್ಕಿದ ಕಾಲದಲ್ಲೂ ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಪ್ರತಿ ಜುಲೈನಲ್ಲಿ ಮೊಳಗುತ್ತಿತ್ತು. ಗ್ರಹಗಳ ಹೆಸರೂ ಹಾಗೆಯೇ: ಬುಧ ಅಲ್ಲಿ ಬುದ್, ಗುರು ಬರ್ಹಸ್ಬದಿ, ಶುಕ್ರ ಸುಗರ್, ಶನಿ ಸಂಚಿರ್. ಬೃಹಸ್ಪತಿ ಗೋಬಿಯವರೆಗೆ ನಡೆದುಹೋಗಿರುವುದನ್ನು ಮೊದಲ ಸಲ ನಿಘಂಟಿನಲ್ಲಿ ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ಚಿಂಗಿಸ್ ಜಯಂತಿಯ ಕಥೆ ಮಾತ್ರ ನೋವಿನದು. 1962 ಅವನು ಹುಟ್ಟಿದ 800ನೆಯ ವರ್ಷ. ಖೆಂತಿ ಪ್ರಾಂತದ ದಾದಲ್‌ನಲ್ಲಿ ಬಿಳಿ ಕಲ್ಲಿನ ಸ್ಮಾರಕ ನಿಲ್ಲಿಸಿದರು, ಅಂಚೆಚೀಟಿ ಹೊರತಂದರು. ರಷ್ಯಾವನ್ನು ತುಳಿದವನಿಗೆ ಉತ್ಸವವೇ ಎಂದು ಮಾಸ್ಕೋ ಕೆರಳಿತು. ಉತ್ಸವ ನಿಂತಿತು, ಅಂಚೆಚೀಟಿಗಳನ್ನು ಹಿಂದಕ್ಕೆ ಪಡೆದರು. ಉತ್ಸವದ ಹಿಂದೆ ನಿಂತಿದ್ದ ಪಾಲಿಟ್‌ಬ್ಯೂರೊ ಸದಸ್ಯ ತೊಮೊರ್-ಒಚಿರ್ ಸ್ಥಾನ ಕಳೆದುಕೊಂಡು ಮೂಲೆಗೆ ತಳ್ಳಲ್ಪಟ್ಟರು. ಆದರೆ ಸ್ಮಾರಕವನ್ನು ಯಾರೂ ಒಡೆಯಲಿಲ್ಲ, ಅದು ಅಲ್ಲಿಯೇ ನಿಂತಿದೆ. 2012ರಿಂದ ಅವನ ಜಯಂತಿ ರಾಷ್ಟ್ರೀಯ ರಜೆ. ಪಯಣಿಗರೇ, ನಿಮ್ಮ ಲೆಕ್ಕದಲ್ಲಿ ಈ ಜಯಂತಿ ಎಲ್ಲಿ ಬರುತ್ತದೆ? ಅದು ಚೌಕದ ಹಬ್ಬವೋ, ಒಲೆಯದೋ?


ಗೋಬಿ ಪಯಣಿಗ ಬರೆದದ್ದು:

ಪ್ರಾಮಾಣಿಕವಾಗಿ ಹೇಳುವುದಾದರೆ, ನಾನು ಕಂಡಂತೆ ಇನ್ನೂ ಚೌಕದ್ದೇ. ಅಂದು ಶಾಲೆಯ ಮಕ್ಕಳು ಸಾಂಪ್ರದಾಯಿಕ ದೇಲ್ ನಿಲುವಂಗಿ ತೊಟ್ಟು ಬರುತ್ತಾರೆ, ಅಧಿಕಾರಿಗಳು ನಮಿಸುತ್ತಾರೆ, ಟಿವಿಯಲ್ಲಿ ಕಾರ್ಯಕ್ರಮ ಬರುತ್ತದೆ. ಆದರೆ ಅಂದು ಇಂಥದ್ದನ್ನೇ ಮಾಡಬೇಕು, ಇಂಥವರ ಮನೆಗೇ ಹೋಗಬೇಕು ಎಂಬುದೊಂದು ಇನ್ನೂ ಹುಟ್ಟಿಲ್ಲ. ಮೂರನೆಯ ಮಹಡಿಯ ಅಜ್ಜಿ ಅಂದು ಎಂದಿನಂತೆ ಹಾಲು ಉಪ್ಪು ಬೆರೆಸಿದ ಚಹಾ ಕಾಯಿಸಿ, ಮೊದಲ ಸೌಟನ್ನು ಆಕಾಶಕ್ಕೆ ಎರಚಿ, ಮೊಮ್ಮಗನನ್ನು ಬೈಯುತ್ತಾ ಕೂತಿದ್ದರು.

ನಾದಮ್ ಬಗ್ಗೆ ನಿಮ್ಮ ಮಾತು ನಿಜ, ನನ್ನ ಹೋಲಿಕೆಯನ್ನು ತಿದ್ದಿಕೊಳ್ಳುತ್ತೇನೆ. ಗೋಡೆಯೊಳಗೆ ನಡೆಯಿತೇ ಹೊರಗೆ ನಡೆಯಿತೇ ಎಂಬುದು ಮುಖ್ಯವಲ್ಲ. ಹಬ್ಬದಲ್ಲಿ ಜನರ ಕೈಗೆ ಕೆಲಸವಿತ್ತೇ ಎಂಬುದು ಮುಖ್ಯ. ನಾದಮ್‌ಗೆ ಒಬ್ಬ ಕುದುರೆ ಪಳಗಿಸುತ್ತಾನೆ, ಒಬ್ಬಳು ಮಾಂಸ ತುಂಬಿದ ಖೂಶೂರ್ ಕರಿಯುತ್ತಾಳೆ, ಹಳ್ಳಿಯ ಹೆಸರನ್ನು ಒಬ್ಬ ಜಟ್ಟಿ ಹೊರುತ್ತಾನೆ. ಮೇ 1ರಂದು ಮಾಡಬೇಕಾಗಿದ್ದದ್ದು ಕೊಟ್ಟ ಫಲಕ ಹಿಡಿದು ಸಾಲಿನಲ್ಲಿ ನಡೆಯುವುದೊಂದೇ.


ಕೆಂಬಾವುಟದ ಹಿರಿಯ ಬರೆದದ್ದು:

ದಾವಣಗೆರೆಯ ಹತ್ತಿಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು ನಾನು. ಮೇ 1ರ ಬಗ್ಗೆ ಕೊನೆಯ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಊರಿನಲ್ಲಿ ಆ ದಿನ ಯಾರೂ ಕೈಗೆ ಫಲಕ ಕೊಡುತ್ತಿರಲಿಲ್ಲ. ನಾವೇ ರಾತ್ರಿ ಕುಳಿತು ಬಟ್ಟೆಯ ಮೇಲೆ ಬರೆಯುತ್ತಿದ್ದೆವು, ಮರುದಿನ ಸಂಬಳ ಕಡಿತವಾದರೂ ನಡೆಯುತ್ತಿದ್ದೆವು. ಎಂಟು ಗಂಟೆಯ ದುಡಿಮೆ ಅಂಥ ನಡಿಗೆಯಿಂದಲೇ ಬಂದದ್ದು. ಅಪ್ಪಣೆಯಿಂದ ನಡೆದ ಮೆರವಣಿಗೆ ಸೊರಗಿತು ಎಂದರೆ ಒಪ್ಪುತ್ತೇನೆ. ಮೇ ದಿನವೇ ಸೊರಗುವಂಥದ್ದು ಎಂದರೆ ಒಪ್ಪುವುದಿಲ್ಲ.

ಇನ್ನೊಂದು ಮಾತು. ಇಲ್ಲಿ ಎಲ್ಲರೂ ಹಳೆಯದೆಲ್ಲ ಜನರದ್ದು, ಹೊಸದೆಲ್ಲ ಮಾಸ್ಕೋದ್ದು ಎಂಬಂತೆ ಬರೆಯುತ್ತಿದ್ದೀರಿ. 1921ಕ್ಕೆ ಮೊದಲು ಮಠದ ಹೊರಗೆ ಶಾಲೆ ಎಂಬುದೇ ಅಪರೂಪವಾಗಿದ್ದ ದೇಶವದು. ಕುರಿಗಾಹಿಯ ಮಗಳು ಅಕ್ಷರ ಕಲಿತದ್ದು, ವೈದ್ಯೆಯಾದದ್ದು ಆ ಕೆಂಪು ವರ್ಷಗಳಲ್ಲಿ. ಮಾರ್ಚ್ 8 ಅಲ್ಲಿ ಉಳಿದಿರುವುದು ಒಲೆಯವರೆಗೆ ಬಂದದ್ದರಿಂದಲ್ಲ, ಹೆಂಗಸನ್ನು ಒಲೆಯಿಂದ ಆಚೆಗೆ ಕರೆತಂದದ್ದರಿಂದ ಎಂದು ನನ್ನ ನಂಬಿಕೆ. ಲಾಮಾಗಳನ್ನು ಕೊಂದದ್ದನ್ನು ನಾನು ಸಮರ್ಥಿಸುವುದಿಲ್ಲ, ಅದು ಘೋರ. ಆದರೆ ಮಗುವನ್ನೂ ಸ್ನಾನದ ನೀರನ್ನೂ ಬೇರೆ ಮಾಡಿ ನೋಡುವುದು ನಮ್ಮ ಕರ್ತವ್ಯ.


ಗೋಬಿ ಪಯಣಿಗ ಬರೆದದ್ದು:

ಹಿರಿಯರೇ, ನಿಮ್ಮ ಮಾತನ್ನು ಎರಡು ಸಲ ಓದಿದೆ. ದಾವಣಗೆರೆಯ ಮೇ ದಿನಕ್ಕೂ ಇಲ್ಲಿಯ ಮೇ ದಿನಕ್ಕೂ ಇದ್ದ ಅಂತರವನ್ನು ನಾನು ಬರೆಯಬೇಕಾಗಿತ್ತು. ನಿಮ್ಮ ಕೈ ಬರೆದ ಬಟ್ಟೆ ನಾನು ಹೇಳಲು ಹೊರಟದ್ದಕ್ಕೆ ನನ್ನ ಉದಾಹರಣೆಗಳಿಗಿಂತ ದೊಡ್ಡ ಸಾಕ್ಷಿ.

ಮಾರ್ಚ್ 8ರ ಬಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಹಿಂದಿನ ದಿನದಿಂದಲೇ ಹೂವಿನ ಬೆಲೆ ಏರುತ್ತದೆ. ಗೋಬಿಯಲ್ಲಿ ಮಾರ್ಚ್ ಎಂದರೆ ಇನ್ನೂ ಸೊನ್ನೆಗಿಂತ ಕೆಳಗಿನ ಚಳಿ, ಮಣ್ಣಿನಲ್ಲಿ ಒಂದು ಹಸಿರು ಗರಿ ಇರುವುದಿಲ್ಲ. ಅಂಥದ್ದರಲ್ಲಿ ಗಂಡಸರು ಕೋಟಿನೊಳಗೆ ಹೂವನ್ನು ಮಗುವಿನಂತೆ ಹುದುಗಿಸಿಕೊಂಡು ಓಡಾಡುತ್ತಾರೆ. ನಮ್ಮ ವಿಭಾಗದ ಮೇಲ್ವಿಚಾರಕಿ ಇಲ್ಲಿಯವರೇ. ಅವರ ಅಜ್ಜಿ ಓದು ಬರಹ ಕಲಿತದ್ದು ಬೆಳೆದು ದೊಡ್ಡವರಾದ ಮೇಲೆ. ತಾಯಿ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ನೀವು ಹೇಳಿದ್ದು ಅವರ ಮನೆಯ ಕಥೆಯೇ. ತಾಯಂದಿರಿಗೆ 1957ರಿಂದ ‘ಕೀರ್ತಿವಂತ ತಾಯಿ’ ಎಂಬ ರಾಜ್ಯ ಪದಕವಿದೆ. ಈಗ ನಾಲ್ಕು ಮಕ್ಕಳಿದ್ದರೆ ಎರಡನೆಯ ದರ್ಜೆ, ಆರು ಮಕ್ಕಳಿದ್ದರೆ ಮೊದಲ ದರ್ಜೆ. ಆಳ್ವಿಕೆ ಹೋದರೂ ಪದಕ ನಿಲ್ಲಲಿಲ್ಲ. ನಮ್ಮ ಮೂರನೆಯ ಮಹಡಿಯ ಅಜ್ಜಿಯ ಸೆರಗಿನಂಚಿನಲ್ಲಿ, ಅಂದರೆ ದೇಲ್‌ನ ಎದೆಯ ಮೇಲೆ, ಹಬ್ಬದ ದಿನ ಅದು ಹೊಳೆಯುತ್ತದೆ.

ಇದೇ ಮಾರ್ಚ್ 8ಕ್ಕೆ ಇನ್ನೊಂದು ನೆನಪೂ ಅಂಟಿದೆ. 1989ರ ಡಿಸೆಂಬರ್ 10ರಂದು ರಾಜಧಾನಿ ಉಲಾನ್‌ಬಾತರ್‌ನಲ್ಲಿ ಪ್ರಜಾಪ್ರಭುತ್ವ ಬೇಕೆಂದು ಮೊದಲ ಬಹಿರಂಗ ಪ್ರದರ್ಶನ ನಡೆಯಿತು. 1990ರ ಮಾರ್ಚ್ 7ರಂದು ಸುಖ್‌ಬಾತರ್ ಚೌಕದಲ್ಲಿ ಹತ್ತು ಮಂದಿ ಉಪವಾಸ ಕುಳಿತರು. ಮಹಿಳಾ ದಿನ ಅವರ ಉಪವಾಸದ ನಡುವೆಯೇ ಬಂತು. ಮಾರ್ಚ್ 9ರಂದು ಬಾತ್‌ಮೊಂಖ್ ನೇತೃತ್ವದ ಪಾಲಿಟ್‌ಬ್ಯೂರೊ ರಾಜೀನಾಮೆ ಪ್ರಕಟಿಸಿತು. ಬಲಪ್ರಯೋಗಕ್ಕೆ ಬಾತ್‌ಮೊಂಖ್ ಒಪ್ಪಲಿಲ್ಲ, ಆ ಚೌಕದಲ್ಲಿ ರಕ್ತ ಹರಿಯಲಿಲ್ಲ. ಪಕ್ಷದ ಆ ಮನುಷ್ಯನನ್ನು ಇಲ್ಲಿಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಅದೇ ಹೊತ್ತಿನಲ್ಲಿ ಭಾರತದ ರಾಯಭಾರಿಯಾಗಿ ಬಂದವರು ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ. 2000ದವರೆಗೆ ಇಲ್ಲಿದ್ದು, ಬಾಗಿಲು ಮುಚ್ಚಿದ್ದ ಮಠಗಳು ಮತ್ತೆ ತೆರೆಯಲು ಹೆಗಲು ಕೊಟ್ಟರು. ಭಾರತೀಯ ಎಂದೊಡನೆ ಟ್ಯಾಕ್ಸಿ ಚಾಲಕರೂ ‘ಬಕುಲಾ’ ಎಂದು ಕೈ ಮುಗಿದದ್ದುಂಟು.

ಇನ್ನು ಕಳೆದುಹೋದದ್ದರ ಲೆಕ್ಕ. 1937ರಿಂದ 1939ರ ನಡುವೆ ಏಳು ನೂರಕ್ಕೂ ಹೆಚ್ಚು ಮಠಗಳು ನೆಲಸಮವಾದವು, ಸಾವಿರಾರು ಲಾಮಾಗಳನ್ನು ಕೊಂದರು. ಬಂಧನಗಳು ಮೊದಲಾದ ಸೆಪ್ಟೆಂಬರ್ 10 ಈಗ ಸಂಸ್ಮರಣೆಯ ದಿನ. ಸೈನ್‌ಶಾಂಡ್‌ನಿಂದ ಸ್ವಲ್ಪ ದೂರದಲ್ಲಿ ಖಮರ್ ಮಠವಿದೆ, ಹತ್ತೊಂಬತ್ತನೆಯ ಶತಮಾನದ ಕವಿ ಲಾಮಾ ದಂಜನ್‌ರವ್ಜಾ ಕಟ್ಟಿಸಿದ್ದು. ಅದನ್ನು ಕೆಡವುವ ಹೊತ್ತಿಗೆ ಅಲ್ಲಿಯ ವಸ್ತುಗಳ ಪಾಲಕರೊಬ್ಬರು ಪುಸ್ತಕ, ವಿಗ್ರಹ, ಉಡುಪುಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ಮರಳಿನಲ್ಲಿ ಹೂತರು. ಜಾಗ ಎಲ್ಲಿ ಎಂಬುದನ್ನು ಮೊಮ್ಮಗನಿಗೆ ಮಾತ್ರ ಹೇಳಿದರು. 1990ರ ನಂತರ ಮೊಮ್ಮಗ ಅಗೆದು ತೆಗೆದ ಪೆಟ್ಟಿಗೆಗಳಿಂದಲೇ ಊರಿನ ವಸ್ತುಸಂಗ್ರಹಾಲಯ ಹುಟ್ಟಿತು. ಒಂದು ಮಧ್ಯಾಹ್ನ ಪೂರ್ತಿ ಅದರೊಳಗೆ ನಿಂತಿದ್ದೆ.


ಅಡುಗೆಮನೆಯ ಕಿಟಕಿ ಬರೆದದ್ದು:

ಅಣ್ಣಾ, ಇಷ್ಟು ದೊಡ್ಡ ವಿಚಾರಗಳ ನಡುವೆ ನನ್ನದು ಸಣ್ಣ ಪ್ರಶ್ನೆ. ಹಬ್ಬದ ಊಟ ಏನು? ನಾನು ಮಾಂಸ ತಿನ್ನುವವಳಲ್ಲ. ನನ್ನ ತಮ್ಮನಿಗೆ ಅಲ್ಲಿ ಕೆಲಸ ಸಿಗುವಂತಿದೆ, ಅಮ್ಮನಿಗೆ ಒಂದೇ ಚಿಂತೆ.


ಗೋಬಿ ಪಯಣಿಗ ಬರೆದದ್ದು:

ತಂಗಿ, ಸಣ್ಣ ಪ್ರಶ್ನೆ ಅಲ್ಲ. ಹಬ್ಬದ ಅರ್ಧ ಇರುವುದೇ ಮೇಜಿನ ಮೇಲೆ.

ಮುಖ್ಯ ತಿನಿಸು ಬೂಜ್. ಹಿಟ್ಟಿನ ಹಾಳೆಯಲ್ಲಿ ಕುರಿ ಇಲ್ಲವೇ ದನದ ಮಾಂಸ ತುಂಬಿ ಮಡಿಸಿ ಹಬೆಯಲ್ಲಿ ಬೇಯಿಸುವುದು. ಒಂದು ಮನೆಯಲ್ಲಿ ಸಾವಿರ ಮಡಿಸುವುದೂ ಉಂಟು. ವಾರದ ಮೊದಲೇ ಮಾಡಿ ಹೊರಗಿನ ಚಳಿಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಮೇಜಿನ ನಡುವೆ ಊಲ್ ಬೋವ್ ಎಂಬ ಉದ್ದನೆಯ ಕರಿದ ರೊಟ್ಟಿಗಳ ಗೋಪುರ. ಕಿರಿಯರ ಮನೆಯಲ್ಲಿ ಮೂರು ಅಂತಸ್ತು, ತಂದೆ ತಾಯಿಯರ ಮನೆಯಲ್ಲಿ ಐದು, ಅಜ್ಜ ಅಜ್ಜಿಯರದ್ದರಲ್ಲಿ ಏಳು. ಯಾವಾಗಲೂ ಬೆಸ ಸಂಖ್ಯೆ. ಕೆಳಗಿನದು ಸುಖ, ಅದರ ಮೇಲೆ ದುಃಖ, ಮತ್ತೆ ಸುಖ. ಬೆಸವಾದರೆ ಮೇಲೆ ಕೊನೆಗೆ ಸುಖವೇ ಬರುತ್ತದೆ.

ಆದರೆ ಅಮ್ಮನಿಗೆ ಧೈರ್ಯ ಹೇಳು. ಮನೆಗೆ ಬಂದವರ ಮುಂದೆ ಮೊದಲು ಇಡುವುದು ‘ಬಿಳಿ ಆಹಾರ’, ಅಂದರೆ ಹಾಲಿನದ್ದು. ಒಣಗಿಸಿದ ಮೊಸರಿನ ಗಟ್ಟಿ ಆರೂಲ್, ದಪ್ಪ ಕೆನೆ ಊರಮ್, ಬೆಣ್ಣೆ ಸಕ್ಕರೆ ಒಣದ್ರಾಕ್ಷಿ ಬೆರೆಸಿದ ಅನ್ನ. ಬಿಳಿಯದನ್ನು ಬಾಯಿಗೆ ಇಟ್ಟವನು ಮರ್ಯಾದೆ ಕೊಟ್ಟಂತೆ, ಮಾಂಸ ಬೇಡವೆಂದರೆ ಯಾರೂ ಮುಖ ಕೆಡಿಸಿಕೊಳ್ಳುವುದಿಲ್ಲ. ತಮ್ಮನಿಗೆ ತೊಗರಿಬೇಳೆ, ಸಾರಿನ ಪುಡಿ ಕಟ್ಟಿಕೊಡಿ, ಇಲ್ಲಿ ಅವೆರಡೇ ಸಿಗುವುದಿಲ್ಲ.

ನಮಸ್ಕಾರದ ಕ್ರಮವನ್ನೂ ಹೇಳಿಕೊಟ್ಟು ಕಳಿಸಿ. ಕಿರಿಯರು ಅಂಗೈ ಮೇಲೆ ಮಾಡಿ ಎರಡೂ ತೋಳು ಚಾಚಬೇಕು, ಹಿರಿಯರು ತಮ್ಮ ತೋಳುಗಳನ್ನು ಅದರ ಮೇಲಿಡುತ್ತಾರೆ. ಹಿರಿಯರನ್ನು ನಾವು ಮೊಣಕೈ ಹಿಡಿದು ಆನಿಸಿಕೊಂಡಂತೆ. ಖದಗ್ ಎಂಬ ನೀಲಿ ರೇಷ್ಮೆಯ ಗೌರವದ ಶಲ್ಯ ಇದ್ದರೆ ಅದನ್ನು ತೋಳಿನ ಮೇಲೆ ಹಾಸಿಕೊಳ್ಳಬೇಕು. ಗಂಡ ಹೆಂಡತಿ ಮಾತ್ರ ಹೀಗೆ ಪರಸ್ಪರ ವಂದಿಸುವುದಿಲ್ಲ, ಅವರಿಬ್ಬರೂ ಒಂದೇ ಜೀವವೆಂಬ ಭಾವ. ಮೊದಲ ಸಲ ಅಜ್ಜಿಯ ತೋಳಿನ ಕೆಳಗೆ ನನ್ನ ತೋಳು ಇಟ್ಟಾಗ ಅವರು ನನ್ನ ಕೆನ್ನೆಯನ್ನು ಮೂಸಿದರು. ನನ್ನ ಸ್ವಂತ ಅಜ್ಜಿ ತೀರಿಕೊಂಡು ಆಗ ಐದು ತಿಂಗಳಾಗಿತ್ತು.


ಮಕ್ಕಳ ವಾರ್ಡಿನ ದಾದಿ ಬರೆದದ್ದು:

ನಾದಮ್ ಕುದುರೆ ಓಟದ ಸವಾರರು ಚಿಕ್ಕ ಮಕ್ಕಳು ಎಂದು ಕೇಳಿದ್ದೇನೆ. ಹತ್ತು, ಇಪ್ಪತ್ತು ಕಿಲೋಮೀಟರ್ ಓಟ ಎಂದರೆ ಎದೆ ಝಲ್ಲೆನ್ನುತ್ತದೆ. ಹಬ್ಬದ ಹೆಸರಿನಲ್ಲಿ ಇದನ್ನು ಒಪ್ಪಬೇಕೇ? ಬಿದ್ದು ಮೂಳೆ ಮುರಿದುಕೊಂಡ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ.


ಇತಿಹಾಸದ ವಿದ್ಯಾರ್ಥಿ ಬರೆದದ್ದು:

ಮೇಡಂ, ನಿಮ್ಮ ಆತಂಕ ಸರಿಯಾದದ್ದು. ಅದೇ ಚರ್ಚೆ ಆ ದೇಶದೊಳಗೂ ಬಿಸಿಯಾಗಿದೆ. ಕುದುರೆಯ ವಯಸ್ಸಿಗೆ ತಕ್ಕಂತೆ ಓಟದ ದೂರ ಬದಲಾಗುತ್ತದೆ, ದೊಡ್ಡ ಕುದುರೆಗಳದ್ದು ಇಪ್ಪತ್ತು ಕಿಲೋಮೀಟರ್ ದಾಟುತ್ತದೆ. ಹಗುರವಾದ ಸವಾರ ಬೇಕೆಂದು ಮಕ್ಕಳನ್ನೇ ಕೂರಿಸುತ್ತಾರೆ. ಏಳು ವರ್ಷಕ್ಕಿಂತ ಚಿಕ್ಕವರು ಓಡಿಸುವಂತಿಲ್ಲ ಎಂಬ ನಿಯಮ, ಶಿರಸ್ತ್ರಾಣ, ವಿಮೆ ಎಲ್ಲ ಬಂದಿವೆ. ಹೆಪ್ಪುಗಟ್ಟಿದ ನೆಲದ ಮೇಲೆ ಚಳಿಗಾಲದಲ್ಲಿ ನಡೆಯುತ್ತಿದ್ದ ಓಟಗಳ ವಿರುದ್ಧ ಅಲ್ಲಿಯ ಮಕ್ಕಳ ಹಕ್ಕಿನ ಹೋರಾಟಗಾರರೇ ದನಿಯೆತ್ತಿ ಕಡಿವಾಣ ಹಾಕಿಸಿದರು. ನನ್ನ ಮಟ್ಟಿಗೆ ಏಳು ವರ್ಷವೂ ಬಹಳ ಚಿಕ್ಕದೇ. ಹಬ್ಬವನ್ನು ಪ್ರೀತಿಸುತ್ತಲೇ ಇದನ್ನು ಹೇಳಬೇಕು.

ಆ ಓಟದಲ್ಲಿ ನನಗೆ ಪ್ರಿಯವಾದದ್ದು ಇನ್ನೊಂದು. ಎರಡು ವರ್ಷದ ಮರಿಕುದುರೆಗಳ ಓಟದಲ್ಲಿ ಕಟ್ಟಕಡೆಗೆ ಬಂದದ್ದನ್ನು ‘ಬಯಾನ್ ಖೊದೋದ್’ ಎಂದು ಕರೆದು, ‘ತುಂಬಿದ ಹೊಟ್ಟೆ’ ಎಂದರ್ಥ, ಅದಕ್ಕೂ ಒಂದು ಹಾಡು ಹಾಡುತ್ತಾರೆ. ದಾರಿ ದೂರವಿತ್ತು, ತಪ್ಪು ನಿನ್ನದಲ್ಲ, ಮುಂದಿನ ವರ್ಷ ನೀನೇ ಮೊದಲು ಎಂಬ ಧಾಟಿಯಲ್ಲಿ.


ಕೆಂಬಾವುಟದ ಹಿರಿಯ ಬರೆದದ್ದು:

ಆ ಜನವರಿ 1ರ ಮರದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಅದು ಕ್ರಿಸ್‌ಮಸ್ ಮರವೇ?


ಗೋಬಿ ಪಯಣಿಗ ಬರೆದದ್ದು:

ನೋಡಲು ಹಾಗೆಯೇ ಕಾಣುತ್ತದೆ, ಆದರೆ ಅಲ್ಲ ಸರ್. ಸೋವಿಯತ್ ದೇಶದಲ್ಲಿ 1920ರ ದಶಕದ ಕೊನೆಗೆ ಕ್ರಿಸ್‌ಮಸ್ ಮರವನ್ನು ಓಡಿಸಿದ್ದರು. 1935ರ ಡಿಸೆಂಬರಿನಲ್ಲಿ ಪೋಸ್ತಿಶೆವ್ ಎಂಬ ನಾಯಕ ಪ್ರಾವ್ದಾ ಪತ್ರಿಕೆಗೆ ಪತ್ರ ಬರೆದು, ಮಕ್ಕಳಿಗೆ ಮರ ಬೇಕು ಎಂದ ಮೇಲೆ ಅದು ಹೊಸ ವರ್ಷದ ಮರವಾಗಿ ಮರಳಿತು. ಆ ರೂಪದಲ್ಲಿಯೇ ಇಲ್ಲಿಗೂ ಬಂತು. ಇಲ್ಲಿ ಉಡುಗೊರೆ ತರುವವನು ಓವ್ಲಿನ್ ಓವ್ಗೊನ್, ಚಳಿಗಾಲದ ಅಜ್ಜ, ಜೊತೆಗೆ ಹಿಮದ ಹುಡುಗಿ. ಅಜ್ಜ ದೇಲ್ ತೊಟ್ಟಿರುತ್ತಾನೆ. ಮಂಗೋಲರ ಮುಖವಾಡ ನೃತ್ಯದಲ್ಲಿ ‘ಬಿಳಿ ಅಜ್ಜ’ ಎಂಬ ಬಹಳ ಹಳೆಯ ದೈವವೊಂದಿದೆ. ಬಿಳಿ ಗಡ್ಡ, ಕೈಯಲ್ಲಿ ಕೋಲು, ಮಕ್ಕಳನ್ನು ನಗಿಸುವ ನಡಿಗೆ. ಅಜ್ಜಿಗೆ ಈ ಇಬ್ಬರೂ ಒಬ್ಬರೇ. ಡಿಸೆಂಬರ್ ಪೂರ್ತಿ ಎಲ್ಲ ಕಚೇರಿಗಳಲ್ಲಿ ಸಂತೋಷಕೂಟ, ಹೊಸ ಬಟ್ಟೆ, ನೃತ್ಯ. ಈ ಹಬ್ಬ ಪರದೇಶದ್ದು ಎಂದರೆ ಇಲ್ಲಿಯ ಮಕ್ಕಳು ನಂಬುವುದೇ ಇಲ್ಲ.


ಮುಂಡಗೋಡದ ಟೀಚರ್ ಬರೆದದ್ದು:

ಈ ಚರ್ಚೆಯನ್ನು ನಾನು ನಿನ್ನೆ ಪರಿಚಯದ ಮಂಗೋಲ್ ಭಿಕ್ಷುವೊಬ್ಬರಿಗೆ ಓದಿ ಹೇಳಿದೆ, ಅರ್ಥ ಬಿಡಿಸಿ. ಇಪ್ಪತ್ತಮೂರರ ಹುಡುಗ, ಒಂಬತ್ತು ವರ್ಷದಿಂದ ಇಲ್ಲಿದ್ದಾನೆ. ಅಜ್ಜಿ ಮೂರು ಬೆರಳು ಎತ್ತಿದ ಜಾಗಕ್ಕೆ ಬಂದಾಗ ಅವನು ನನ್ನನ್ನು ತಡೆದು, ಆ ಸಾಲನ್ನು ಇನ್ನೊಮ್ಮೆ ಓದಿಸಿದ. ಅವನ ಮುತ್ತಜ್ಜ ಲಾಮಾ ಆಗಿದ್ದರಂತೆ. 1938ರಲ್ಲಿ ಕರೆದೊಯ್ದವರು ಮರಳಿ ಕಳಿಸಲಿಲ್ಲ. ಮನೆಯಲ್ಲಿ ಆ ಹೆಸರನ್ನು ಐವತ್ತು ವರ್ಷ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಬಿತೂನ್ ರಾತ್ರಿ ಮಾತ್ರ ಒಂದು ಬಟ್ಟಲು ಚಹಾ ಹೆಚ್ಚಿಗೆ ಬಗ್ಗಿಸಿ ಇಡುತ್ತಿದ್ದರು.

ನೀನು ಇಲ್ಲಿ ಮಂಜುಗಡ್ಡೆಗೆ ಏನು ಮಾಡುತ್ತೀಯ ಎಂದು ಕೇಳಿದೆ. ಫೆಬ್ರವರಿಯ ಕೊನೆ ಎಂದರೆ ನಮ್ಮಲ್ಲಿ ಬಿಸಿಲು ಏರಿ, ಗೇರುಮರಗಳಲ್ಲಿ ಹೂ ಮುಗಿದು ಕಾಯಿ ಕಚ್ಚುವ ಕಾಲ. ಮಠದ ಗೇಟಿನ ಎದುರು ಸೋಡಾ, ಕೋಕಂ ಶರಬತ್ತು ಮಾರುವ ಅಂಗಡಿಯಿದೆ. ಬಿತೂನ್ ಸಂಜೆ ಅಲ್ಲಿಗೆ ಹೋಗಿ ಮೂರು ತುಂಡು ಮಂಜುಗಡ್ಡೆ ಕೇಳುತ್ತಾನಂತೆ. ಅಂಗಡಿಯವರು ಮೊದಲ ವರ್ಷ ಶರಬತ್ತು ಬೇಡವೇ ಎಂದು ಕೇಳಿದ್ದರು. ಈಗ ಕೇಳುವುದಿಲ್ಲ, ದುಡ್ಡೂ ತೆಗೆದುಕೊಳ್ಳುವುದಿಲ್ಲ. ಕೋಣೆಯ ಹೊಸ್ತಿಲಿಗೆ ತಲುಪುವಷ್ಟರಲ್ಲಿ ತುಂಡುಗಳು ಅರ್ಧ ಕರಗಿರುತ್ತವೆ. ಅದಕ್ಕೇ ಅವನು ಅವನ್ನು ಸ್ಟೀಲ್ ತಟ್ಟೆಯಲ್ಲಿ ಇಡುತ್ತಾನೆ, ನೀರು ಹರಿದುಹೋಗದ ಹಾಗೆ.